ಸೆರಗಿನೊಳಗೆ ಮುಚ್ಚಿಟ್ಟ ಕೈ

ಇದು ತೊಂಬತ್ತೊಂಬತ್ತನೇ ಇಸವಿಯ ಮಾತು. ತೆಲಿಗಿ ಊರಲ್ಲಿ ತೆಳ್ಳನೆಯ ಜೋಳದ ರೊಟ್ಟಿ ಎಂದರೆ ಕೊಟ್ರಮ್ಮನದೇ. ವಯಸ್ಸು ಅರವತ್ತೆಂಟಾದರೂ ಆ ಹೆಸರನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವ ಪೈಕಿ ಅಲ್ಲ ಆಕೆ. ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಪೇಟೆಯ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಮೂಳೆಗೆ ತಂತಿ ಹಾಕಿದರು.

ಕೆಲವು ತಿಂಗಳ ಹಿಂದೆ ಆಕೆಯ ವಾರಗಿತ್ತಿ ತಿಪ್ಪೇರುದ್ರಮ್ಮನಿಗೂ ಇದೇ ಆಪರೇಷನ್ ಆಗಿತ್ತು. ಈಗ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವವಳು ಅವಳೇ. ಮನೆಮಂದಿಯೆಲ್ಲ ಹೊಗಳಿ ಹೊಗಳಿ ತಿನ್ನುತ್ತಿದ್ದರು. ಕೊಟ್ರಮ್ಮನ ಹೊಟ್ಟೆ ಉರಿಯದೆ ಇನ್ನೇನಾದೀತು?

"ಆಕಿಗೆ ಚಲೋ ತಂತಿ ಹಾಕ್ಯಾರ, ನನಗ ಎಂಥದ್ದೋ ಹಾಕ್ಯಾರ."

"ಒಂದ ಆಸ್ಪತ್ರಿ, ಒಬ್ಬರ ಡಾಕ್ಟ್ರು. ಸುಮ್ನಿರು ಮಾರಾಯ್ತಿ," ಎಂದ ಗಂಡ ಗುರುಸಂಗಪ್ಪ.

ಕೊಟ್ರಮ್ಮನ ಕೈ ಊದಿತ್ತು, ಬೆರಳು ಜೋಮು ಹಿಡಿದಿದ್ದವು. ಡ್ರೆಸ್ಸಿಂಗಿಗೆ ಬಾ ಎಂದು ಹೇಳಿ ಕಳಿಸಿದ್ದರೂ ಹೋಗಲಿಲ್ಲ. ಹೋಗಬೇಕೆಂದರೆ ದಾರಿ ಗೊತ್ತಿದ್ದ ವಾರಗಿತ್ತಿಯನ್ನೇ ಕರೆಯಬೇಕಲ್ಲ! ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು, ಬೆರಳು ಕೂಡ ಅಲುಗಿಸದೆ ಕೂತಿತು ಹಟಮಾರಿ ಜೀವ.

ಒಂದು ಬೆಳಿಗ್ಗೆ ತಿಪ್ಪೇರುದ್ರಮ್ಮ ಬಿಸಿ ರೊಟ್ಟಿ ತಂದಳು.

"ಅಕ್ಕಾ, ಕೈ ತೋರ್ಸು."

"ಚಲೋ ಐತಿ. ನಿನ್ನ ರೊಟ್ಟಿ ನೋಡ್ಕ ಹೋಗು."

"ವಾಸನಿ ಬರಾಕ ಹತ್ತೈತಿ," ಎಂದವಳೇ ಸೆರಗು ಸರಿಸಿದಳು. "ಕೀವಾಗೈತಲ್ಲ. ಇದನ್ನ ಮುಚ್ಚಿಟ್ಕಂಡು ಕುಂತೀಯೇನು?"

"ನಿನಗ ಆಗಿಲ್ಲ, ನನಗ್ಯಾಕಾತು? ನಿನ್ನ ಕಂಡ್ರ ಉರೀತೈತಿ ನನಗ," ಎಂದು ಕೊಟ್ರಮ್ಮ ಅತ್ತುಬಿಟ್ಟಳು.

"ಯಾರಂದ್ರು ಆಗಿಲ್ಲಂತ? ನನಗೂ ಕೀವಾಗಿತ್ತು. ಕಂಡ ದಿನಾನ ಬಸ್ ಹತ್ತಿದೆ, ಔಷಧ ಕೊಟ್ರು. ಕೈ ಎತ್ತರಕ್ಕಿಡು, ಬೆರಳು ಮಡಚಿ ಬಿಚ್ಚು ಅಂದ್ರು. ನೋವು ನುಂಗಿ ಮಾಡೀನಿ. ನನ್ನ ತಂತಿ ಬಂಗಾರದ್ದಲ್ಲಕ್ಕಾ."

ಇಬ್ಬರೂ ಅಂದೇ ಆಸ್ಪತ್ರೆಗೆ ಹೋದರು. "ಇನ್ನಷ್ಟು ತಡ ಮಾಡಿದ್ರ ಕೀವು ಎಲುಬಿಗೆ ಇಳೀತಿತ್ತಮ್ಮ," ಎಂದರು ಡಾಕ್ಟರು. ತಂತಿ ತೆಗೆದು, ಗಾಯ ತೊಳೆದು, ಔಷಧ ಕೊಟ್ಟರು. ಗಾಯ ಮಾಯಿತು. ಬೆರಳುಗಳು ಮಾತ್ರ ಬಿಗಿದೇ ಇದ್ದವು.

ಅಂದಿನಿಂದ ವಾರಗಿತ್ತಿಯ ಎದುರಿಗೇ ಕೂತು ಕೊಟ್ರಮ್ಮ ಬೆರಳಿನ ವ್ಯಾಯಾಮ ಮಾಡತೊಡಗಿದಳು. ಬರಬರುತ್ತಾ ರೊಟ್ಟಿ ಬಡಿದಳು, ಆದರೆ ದಪ್ಪ ಬರುತ್ತಿದ್ದವು. ಮುಷ್ಟಿ ಪೂರ್ತಿ ಮುಚ್ಚಲೇ ಇಲ್ಲ. ಮೊದಲೇ ಹೋಗಿದ್ದರೆ ಮುಚ್ಚುತ್ತಿತ್ತೇನೋ ಎಂಬ ಸಂಕಟ ಆಕೆಗೆ ಇದ್ದೇ ಇತ್ತು.

ಅವ್ವಂದಿರೇ, ಅಪ್ಪಂದಿರೇ, ಕೈ ಮುರಿದು ಆಪರೇಷನ್ ಆದಮೇಲೆ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಡಾಕ್ಟರು ಹೇಳಿದ ದಿನ ತಪ್ಪದೆ ಹೋಗಿ, ಹೇಳಿಕೊಟ್ಟಂತೆ ಬೆರಳು ಆಡಿಸಿ. ಊತ, ಜೋಮು, ಕೀವು, ಜ್ವರ ಕಂಡರೆ, ನೋವು ಹೆಚ್ಚಾದರೆ ಅಂದೇ ತೋರಿಸಿ. ಹೊಟ್ಟೆಕಿಚ್ಚಿಗೋ, ಯಾರು ನಗುತ್ತಾರೋ ಎಂದೋ ಮುಚ್ಚಿಡಬೇಡಿ. ನಗುವವರು ನಕ್ಕು ಮನೆಗೆ ಹೋಗುತ್ತಾರೆ, ಕೈ ನಿಮ್ಮದು.