ಜೋಡಿ ಕಾರ್ಡು

ಕ್ಯೋಟೋದ ಎರಡು ದಿನದ ಪ್ರವಾಸಕ್ಕೆ ಕಿನುಯೋ ಒಂದು ನೋಟ್‌ಪುಸ್ತಕವನ್ನೇ ತುಂಬಿಸಿದ್ದಳು. ತಮ್ಮೂರು ತ್ಸುರುಗಾದಿಂದ ಎಷ್ಟು ಗಂಟೆಯ ರೈಲು, ಇಳಿದ ಮೇಲೆ ಯಾವ ಬಸ್ಸು, ಅಕ್ಕ ಕೂತು ದಣಿವಾರಿಸಿಕೊಳ್ಳಲು ಎಲ್ಲೆಲ್ಲಿ ಬೆಂಚು, ಯಾವ ತೋಫು ಅಂಗಡಿಗೆ ಮೆಟ್ಟಿಲು ಕಡಿಮೆ, ಎಲ್ಲವೂ ಅದರಲ್ಲಿತ್ತು.

ಅಕ್ಕ ಶಿನೊಗೆ ಎಪ್ಪತ್ತೊಂಬತ್ತು. ಕಣ್ಣು ಮಂಜಾಗುತ್ತ ಬಂದಿತ್ತು. ಬೇಸಿಗೆ ಕಳೆಯುವುದರೊಳಗೆ ಇನ್ನಷ್ಟು ಹೋಗಬಹುದು ಎಂದು ಡಾಕ್ಟರು ಮಾರ್ಚಿನಲ್ಲೇ ಹೇಳಿದ್ದರು.

"ಕೋಟೆ ಬೇಡ, ಅರಮನೆ ಬೇಡ ಕಣೆ," ಎಂದಿದ್ದಳು ಶಿನೊ. "ಆ ಪಾಚಿ ತೋಟ ಒಂದು ತೋರಿಸಿಬಿಡು."

ಆ ತೋಟ ಒಂದು ಹಳೆಯ ಬೌದ್ಧ ದೇಗುಲದ್ದು. ಸುಮ್ಮನೆ ಹೋಗಿ ಬಾಗಿಲಲ್ಲಿ ನಿಂತರೆ ಬಿಡುವುದಿಲ್ಲ. ಮೊದಲೇ ಅಂಚೆಯಲ್ಲಿ, ನಡುವೆ ಮಡಚಿದ ಜೋಡಿ ಕಾರ್ಡು ಹಾಕಬೇಕು. ಒಂದು ಅರ್ಧದಲ್ಲಿ ಕೋರಿಕೆ, ಇನ್ನೊಂದು ಅರ್ಧದಲ್ಲಿ ನಮ್ಮದೇ ವಿಳಾಸ. ದೇಗುಲದವರು ತಮ್ಮ ಅರ್ಧ ಇಟ್ಟುಕೊಂಡು, ನಮ್ಮ ಅರ್ಧವನ್ನು ಕತ್ತರಿಸಿ, ದಿನ ಬರೆದು ಕಳಿಸುತ್ತಾರೆ. ತೋಟಕ್ಕೆ ಇಳಿಯುವ ಮುಂಚೆ ಎಲ್ಲರೂ ಕೂತು ಕುಂಚದಲ್ಲಿ ಸೂತ್ರ ನಕಲು ಮಾಡಬೇಕು.

ಕಿನುಯೋ ಸಿಕ್ಕಿಕೊಂಡದ್ದು ಅಲ್ಲೇ. ಈ ಕಣ್ಣಲ್ಲಿ ಅಕ್ಕ ಹೇಗೆ ಬರೆದಾಳು? ಕಾರ್ಡಿನಲ್ಲಿ ತಿಳಿಸಿದರೆ ಬೇರೆ ಏರ್ಪಾಟು ಮಾಡುವ ತೊಂದರೆ ಅವರಿಗೆ. ತಿಳಿಸದಿದ್ದರೆ ಅಂದು ಅಷ್ಟು ಜನರ ನಡುವೆ ಫಜೀತಿ. ಫೋನ್ ಮಾಡಿ ಕೇಳಲೆಂದು ಎರಡು ಸಲ ಕೈಗೆತ್ತಿಕೊಂಡಳು. ಇಷ್ಟಕ್ಕೆಲ್ಲ ಅವರನ್ನು ಕಾಡುವುದೇ ಎಂದು ಇಟ್ಟುಬಿಟ್ಟಳು. ಬರೆದ ಕಾರ್ಡನ್ನು, ಇನ್ನೂ ವಿನಯದ ಒಂದು ವಾಕ್ಯ ಹೊಳೆಯಲಿ ಎಂದು, ನೋಟ್‌ಪುಸ್ತಕದೊಳಗೆ ಸೇರಿಸಿದಳು.

"ಉತ್ತರ ಬಂತೇನೆ?" ಶಿನೊ ಕೇಳುತ್ತಿದ್ದಳು.

"ಇಲ್ಲಕ್ಕ. ತುಂಬಾ ಜನ ಕೇಳಿರ್ತಾರೆ."

ಮೊದಲ ಸಲ ಆ ಮಾತು ಬಾಯಿತಪ್ಪಿ ಬಂತು. ಆಮೇಲೆ ತಾನಾಗಿಯೇ ಬರತೊಡಗಿತು. ಜೂನ್ ಮಳೆಯಲ್ಲಿ ಪಾಚಿ ಮೈದುಂಬಿಕೊಂಡಿತು, ಆ ಮಳೆಯೂ ಮುಗಿಯಿತು.

ಸೆಪ್ಟೆಂಬರಿನಲ್ಲಿ ಒಂದು ದಿನ ಶಿನೊ ಚಹಾದ ಬಟ್ಟಲನ್ನು ಮೇಜಿನ ಮೇಲೆ ಕೈಯಾಡಿಸಿ ಹುಡುಕಿದಳು. ಕಿನುಯೋ ಅವತ್ತೇ ಹೊಸ ಕಾರ್ಡು ತಂದು, ಇದ್ದದ್ದನ್ನು ಇದ್ದ ಹಾಗೆ ಬರೆದು ಅಂಚೆಗೆ ಹಾಕಿದಳು. ಹತ್ತೇ ದಿನದಲ್ಲಿ ಉತ್ತರ ಬಂತು. ನವೆಂಬರ್ ಹನ್ನೆರಡು. ಕೆಳಗೆ ಯಾರೋ ಕೈಯಲ್ಲಿ ಬರೆದಿದ್ದರು: 'ಬರೆಯಲಾಗದವರು ಕೈಮುಗಿದು ಕೂತರೆ ಸಾಕು. ದಯವಿಟ್ಟು ಚಿಂತೆ ಬೇಡ.'

ಕಿನುಯೋ ಅದನ್ನು ಓದಿ ಹೇಳಿದಳು. ಕೊನೆಯ ಸಾಲಿಗೆ ಬಂದಾಗ ದನಿ ಇಳಿಯಿತು.

"ಎಲ್ಲಿ, ನಿನ್ನ ಪುಸ್ತಕ ಕೊಡು," ಎಂದು ಶಿನೊ ಕೈ ಚಾಚಿದಳು. "ಎಷ್ಟು ದಪ್ಪ ಆಗಿದೆ ನೋಡ್ತೀನಿ."

ಹಾಳೆ ಸವರುತ್ತಿದ್ದಾಗ ಒಂದು ಕಾರ್ಡು ಜಾರಿ ಮಡಿಲಿಗೆ ಬಿತ್ತು. ಕಿನುಯೋ ಕೈ ಮುಂದೆ ಮಾಡುವಷ್ಟರಲ್ಲಿ ಶಿನೊ ಅದನ್ನು ಎತ್ತಿಕೊಂಡಿದ್ದಳು. ಮಡಿಕೆ ಬಿಡಿಸಿದಳು. ಈ ತುದಿಯಿಂದ ಆ ತುದಿಗೆ ಬೆರಳಾಡಿಸಿದಳು.

"ಇದನ್ನ ಕತ್ತರಿಸೇ ಇಲ್ಲವಲ್ಲೇ. ಯಾವಾಗಿಂದು?"

"ಏಪ್ರಿಲ್‌ದು ಅಕ್ಕ."

ಶಿನೊ ಮುಖವನ್ನು ತಂಗಿಯ ಕಡೆಗೆ ತಿರುಗಿಸಿದಳು.

"ಏಪ್ರಿಲ್‌ನಲ್ಲಿ ನಿನ್ನ ಮೂಗಿನ ಮೇಲಿನ ಮಚ್ಚೆ ಕೂಡ ಕಾಣ್ತಿತ್ತು ಕಣೆ ನಂಗೆ."

"ಬೈದುಬಿಡಕ್ಕ."

"ಬೈದ್ರೆ ಅದನ್ನೂ ಬರ್ಕೋತೀಯ, ಎಷ್ಟು ಗಂಟೆಗೆ ಬೈದಳು ಅಂತ." ಶಿನೊ ನಗಲು ನೋಡಿದಳು, ಆಗಲಿಲ್ಲ. "ಹೋಗೋಣ. ನೀನು ನೋಡಿ ನಂಗೆ ಹೇಳ್ಬೇಕು, ಬಾಯಿಗೆ ಬಂದ ಹಾಗೆ. ಚೆನ್ನಾಗಿರೋ ಮಾತು ಹೊಳೀಲಿ ಅಂತ ಕಾಯ್ತಾ ಕೂರ್ಬೇಡ. ಈಗಲೇ ಶುರು ಮಾಡು. ಕಿಟಕಿ ಆಚೆ ಏನಿದೆ?"

ಕಿನುಯೋ ತಿರುಗಿ ನೋಡಿದಳು. ಪಕ್ಕದ ಮನೆಯ ಪರ್ಸಿಮನ್ ಮರ ಕೊಂಬೆ ಬಾಗುವಷ್ಟು ಕಾಯಿ ಬಿಟ್ಟಿತ್ತು.

"ಕಾಯಿ... ಇನ್ನೂ ಹಸಿರು," ಎಂದಳು. ಮುಂದಿನ ಮಾತು ಹುಡುಕತೊಡಗಿದಳು.

ಶಿನೊ ಕಾದಳು, ಹಳೆಯ ಕಾರ್ಡನ್ನು ಮಡಚುತ್ತ, ಬಿಡಿಸುತ್ತ.