ಗವಾಕ್ಷಿಯ ಕೆಳಗಿನ ಬೋನು

ಹೊಳಲ್ಕೆರೆ ಬಸ್ ನಿಲ್ದಾಣದಲ್ಲಿ ಬಸ್ಸು ನಿಂತಾಗ ನನಗೆ ಬೋನಿನ ನೆನಪಾಯಿತು.

ನಮ್ಮ ಯಜಮಾನರಿಗೆ ಹದಿನೈದು ದಿನದ ಹಿಂದೆ ಕಣ್ಣಿನ ಪೊರೆ ತೆಗೆದಿದ್ದರು. ಅವತ್ತು ಚಿತ್ರದುರ್ಗಕ್ಕೆ ಹೋಗಿ ಡಾಕ್ಟರಿಗೆ ತೋರಿಸಬೇಕಿತ್ತು. ಶ್ರೀರಾಂಪುರದ ಹತ್ತಿರದ ನಮ್ಮ ಊರಿಂದ ಬೆಳಿಗ್ಗೆ ಏಳೂವರೆಗೆ ಹೊರಟಿದ್ದೆವು. ಅವರು ಕಪ್ಪು ಕನ್ನಡಕ ಹಾಕಿಕೊಂಡು ಕಿಟಕಿಯ ಪಕ್ಕ ತೂಕಡಿಸುತ್ತಿದ್ದರು. ಬೀಗದ ಕೈಗಳು ಇವೆಯೇ ಎಂದು ನಾನು ಚೀಲದೊಳಗೆ ಕೈ ಹಾಕಿದೆ. ಗೊಂಚಲು ಸಿಕ್ಕಿತು. ಅದರ ಜೊತೆಗೇ ಬೆಳಿಗ್ಗೆ ಕೇಳಿದ್ದ ಒಂದು ಸದ್ದು ನೆನಪಿಗೆ ಬಂತು.

ನಮ್ಮದು ಹಳೆಯ ಮಾಳಿಗೆ ಮನೆ. ಕಾಳು, ಶೇಂಗಾ ಇಡುವ ಒಳಕೋಣೆಗೆ ಕಿಟಕಿಯಿಲ್ಲ, ಮೇಲೆ ಮಾಳಿಗೆಯಲ್ಲಿ ಬೆಳಕಿಗೆಂದು ಬಿಟ್ಟ ಗವಾಕ್ಷಿ ಮಾತ್ರ. ಅದಕ್ಕೆ ಗಾಜು ಮುಚ್ಚಿದ್ದೇವೆ. ಆ ಕೋಣೆಯ ಮಣ್ಣಿನ ನೆಲವನ್ನು ಹೆಗ್ಗಣಗಳು ತೋಡುತ್ತವೆ. ಹೋದ ವರ್ಷದಿಂದ ನಾನು ಬೋನು ಇಡುತ್ತೇನೆ. ಹೊಸದುರ್ಗದ ವೆಲ್ಡಿಂಗ್ ಅಂಗಡಿಯಲ್ಲಿ ಹೇಳಿ ಮಾಡಿಸಿದ್ದು, ಸುತ್ತ ಸರಳು, ತಳಕ್ಕೆ ತಗಡು. ರಾತ್ರಿ ತುಪ್ಪ ಸವರಿದ ರೊಟ್ಟಿ ಚೂರು ಸಿಕ್ಕಿಸಿ ಇಡುವುದು, ಬೆಳಿಗ್ಗೆ ಎದ್ದ ತಕ್ಷಣ ನೋಡುವುದು. ಬಿದ್ದಿದ್ದರೆ ಹಳ್ಳದ ಆಚೆ ಬಿಟ್ಟು ಬರುವುದು, ಬೀಳದಿದ್ದರೆ ಹಗಲಲ್ಲಿ ಏನೂ ಸಿಕ್ಕಿಬೀಳದಂತೆ ಬೋನಿನ ಬಾಗಿಲ ಕೊಕ್ಕೆ ಇಳಿಸಿ ಮುಚ್ಚಿಬಿಡುವುದು. ಅವತ್ತು ಕೊಕ್ಕೆ ಇಳಿಸಲಿಲ್ಲ. ಶೇಂಗಾ ತೆಗೆದುಕೊಳ್ಳಲು ಕೋಣೆಗೆ ಹೋಗಿದ್ದೆ, ಪಕ್ಕದ ಮನೆ ಕಾಳಕ್ಕನ ಬೆಕ್ಕು ಕೆಂಚಿ ಎಂದಿನಂತೆ ನನ್ನ ಕಾಲಿಗೆ ಸುತ್ತಿಕೊಂಡು ಬಂದಿತ್ತು. ಅಷ್ಟರಲ್ಲಿ ಹೊರಗೆ ಬಸ್ಸಿನ ಹಾರನ್ ಕೇಳಿ ಅವಸರದಲ್ಲಿ ಬಾಗಿಲು ಎಳೆದು ಬೀಗ ಹಾಕಿದೆ. ಆಗ ಒಳಗೆ ಠಕ್ ಎಂದಿತು. ಬೀಗದ ಸದ್ದು ಅಂದುಕೊಂಡಿದ್ದೆ.

ಬೀಗ ಹಾಗೆ ಸದ್ದು ಮಾಡುವುದಿಲ್ಲ. ಹಗಲು ಹೊತ್ತಿನಲ್ಲಿ ಹೆಗ್ಗಣವೂ ಹೊರಗೆ ಬರುವುದು ಕಡಿಮೆ. ಕೆಂಚಿಗೆ ತುಪ್ಪ ಎಂದರೆ ಪ್ರಾಣ.

ಬೋನು ಗವಾಕ್ಷಿಯ ನೇರ ಕೆಳಗೆ ಇತ್ತು. ಹನ್ನೊಂದೂವರೆಯಿಂದ ಒಂದು ಗಂಟೆಯವರೆಗೆ ಗಾಜಿನ ಮೂಲಕ ಬಿಸಿಲು ಅಲ್ಲಿಗೇ ಬೀಳುತ್ತದೆ. ಮಾರ್ಚಿ ತಿಂಗಳ ಬಿಸಿಲು. ತಗಡಿನ ತಳ. ಒಳಗೆ ನೀರಿಲ್ಲ. ಆಗ ಒಂಬತ್ತೂಮುಕ್ಕಾಲು.

ಕಾಳಕ್ಕನಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ನಾನು ಮತ್ತೆ ಮತ್ತೆ ಫೋನು ಒತ್ತುವುದು ಕೇಳಿ ಯಜಮಾನರು ಎಚ್ಚರಾದರು. ವಿಷಯ ಕೇಳಿ, ನೀನು ಇಳಿದು ವಾಪಸು ಹೋಗು, ನನಗೆ ಬೆಳಕು ಗೊತ್ತಾಗುತ್ತದೆ, ಯಾರನ್ನಾದರೂ ಕೇಳಿಕೊಂಡು ಆಸ್ಪತ್ರೆ ಸೇರುತ್ತೇನೆ ಎಂದರು. ಇನ್ನೂ ಕೈ ಮುಂದೆ ಚಾಚಿ ನಡೆಯುವ ಮನುಷ್ಯ. ಅವರನ್ನು ಚಿತ್ರದುರ್ಗದ ರಸ್ತೆಗಳಲ್ಲಿ ಬಿಡಲು ನನಗೆ ಮನಸ್ಸಾಗಲಿಲ್ಲ.

ಮೂರನೆಯ ಸಲ ಕಾಳಕ್ಕ ಎತ್ತಿದಳು. ಇಂಜಿನ್ನಿನ ಸದ್ದಿಗೆ ಅವಳ ಮಾತು ಕೇಳಿಸುತ್ತಿರಲಿಲ್ಲ. ನಾನು ಒಂದು ಕಿವಿ ಮುಚ್ಚಿಕೊಂಡಿದ್ದನ್ನು ನೋಡಿ ಕಂಡಕ್ಟರು ಡ್ರೈವರಿಗೆ ಸನ್ನೆ ಮಾಡಿ ಇಂಜಿನ್ ನಿಲ್ಲಿಸಿದರು. ಯಾರಾದರೂ ಟೀ ಕುಡಿಯುವವರಿದ್ದರೆ ಎರಡು ನಿಮಿಷ ಎಂದು ಕೂಗಿದರು. ಯಾರೂ ಇಳಿಯಲಿಲ್ಲ. ಆದರೂ ಅವರು ಹೊರಡಿಸಲಿಲ್ಲ.

"ಕಾಳಕ್ಕ, ಕೆಂಚಿ ಮನೇಲೈತಾ?"

"ಇಲ್ಲ. ನಿಮ್ಮ ಹಿಂದೆ ಬಂದಿದ್ದೇ ನೋಡಿದ್ದು. ಯಾಕ್ರಿ ಟೀಚರಮ್ಮ?"

ಹೇಳಿದೆ.

"ಹೆಗ್ಗಣ ಸಾಯಬಾರ್ದು ಅಂತ ಬೋನು ತಂದು, ನನ್ನ ಬೆಕ್ಕಿಗೆ ಬೀಗ ಹಾಕ್ಕಂಡು ಹೋಗೀರಲ್ಲ."

ಕಲ್ಲು ತಗೊಂಡು ಬೀಗ ಒಡೆದುಬಿಡು, ಎರಡೂ ಬೀಗ ಒಡಿ, ಪರವಾಗಿಲ್ಲ ಎಂದೆ.

"ಚೆನ್ನಾಗೈತೆ. ನಿಮ್ಮನೆ ಬೀಗ ಒಡೆದು ಊರ ಮುಂದೆ ನಾನು ನಿಂತ್ಕಳ್ಳನಾ? ನಾಳೆ ಒಂದು ಚಮಚ ಕಾಣ್ಲಿಲ್ಲ ಅಂದ್ರೂ ಕಾಳಕ್ಕನ ಹೆಸರೇ ಬರೋದು."

ನಾನು ಹಾಗೆ ಹೇಳುವವಳಲ್ಲ ಎನ್ನಬೇಕೆಂದುಕೊಂಡೆ. ಆದರೆ ಊರೆಂದರೆ ನಾನೊಬ್ಬಳೇ ಅಲ್ಲ. ಗವಾಕ್ಷಿಯ ಮಾತೆತ್ತಿದೆ. ನಮ್ಮ ಎರಡೂ ಮನೆಯ ಮಾಳಿಗೆಗಳು ಒಂದಕ್ಕೊಂದು ಅಂಟಿಕೊಂಡಿವೆ, ಅವಳ ಹಿತ್ತಲಲ್ಲಿ ಏಣಿ ಇದೆ. ಅಷ್ಟು ಹೇಳುವಾಗಲೇ ಅವಳ ಮಂಡಿ ನೆನಪಾಯಿತು. ಹೋದ ದಸರಾದಿಂದ ಅವಳು ನಮ್ಮ ಮನೆಯ ಎರಡು ಮೆಟ್ಟಿಲನ್ನೂ ಗೋಡೆ ಹಿಡಿದೇ ಹತ್ತುತ್ತಾಳೆ. ಬೇಡ ಬಿಡು ಎನ್ನುವುದರೊಳಗೆ ಫೋನು ಕಟ್ಟಾಯಿತು.

ಆಮೇಲೆ ಎಷ್ಟು ಸಲ ಮಾಡಿದರೂ ಎತ್ತಲಿಲ್ಲ.

ಆಸ್ಪತ್ರೆಯಲ್ಲಿ ನಮ್ಮ ಮುಂದೆ ಇಪ್ಪತ್ತು ಜನ ಇದ್ದರು. ಗೋಡೆಯ ಗಡಿಯಾರ ಹನ್ನೊಂದೂವರೆ ತೋರಿಸಿತು, ಹನ್ನೆರಡು ತೋರಿಸಿತು. ಈಗ ಬಿಸಿಲು ರೊಟ್ಟಿಯ ಮೇಲೆ ಬಂದಿರುತ್ತದೆ, ಈಗ ತಗಡಿನ ಮೇಲೆ. ಬೆಕ್ಕಿನ ಚಿಂತೆಯ ಜೊತೆಗೆ, ಕಾಳಕ್ಕ ಏಣಿಯಿಂದ ಬಿದ್ದಿದ್ದರೆ ಎಂಬ ಚಿಂತೆಯೂ ಸೇರಿತು. ಹಗಲಲ್ಲಿ ಅವಳ ಮನೆಯಲ್ಲಿ ಬೇರೆ ಯಾರೂ ಇರುವುದಿಲ್ಲ.

ಇವೆರಡರ ಅಡಿಯಲ್ಲಿ ಇನ್ನೊಂದಿತ್ತು. ಕೆಂಚಿಗಿಂತ ಮೊದಲು ಕಾಳಕ್ಕನಿಗೆ ಬೂದಿ ಎಂಬ ಬೆಕ್ಕಿತ್ತು. ಹೋದ ಬೇಸಿಗೆಯಲ್ಲಿ ನಾನು ಕೋಣೆಯಲ್ಲಿ ಇಲಿ ಪಾಷಾಣ ಇಟ್ಟಿದ್ದೆ. ಪಾಷಾಣ ತಿಂದ ಹೆಗ್ಗಣವನ್ನು ಬೂದಿ ತಿಂದು ಹಿತ್ತಲಲ್ಲಿ ಸತ್ತಿತು. ಹಾವು ಕಚ್ಚಿರಬೇಕು ಎಂದು ಕಾಳಕ್ಕ ನುಗ್ಗೆ ಮರದ ಬುಡದಲ್ಲಿ ಅದನ್ನು ಹೂತಳು. ನಾನು ಪಕ್ಕದಲ್ಲಿ ನಿಂತು ಅವಳ ಕೈಗೆ ನೀರು ಹಾಕಿದೆ. ಹೇಳಲಿಲ್ಲ. ಅದಾದ ವಾರಕ್ಕೆ ಬೋನು ಮಾಡಿಸಿದೆ. ಕಾಳಕ್ಕ ಅದನ್ನು ನೋಡಿ, ಹೆಗ್ಗಣಕ್ಕೆ ಮನೆ ಕಟ್ಟಿಸಿದ್ದೀರಿ, ಊಟ ಬೇರೆ, ಇನ್ನು ಹಾಸಿಗೆಯೊಂದು ಬಾಕಿ ಎಂದು ವರ್ಷಪೂರ್ತಿ ನಕ್ಕಳು. ನಾನೂ ನಕ್ಕೆ.

ಒಂದೇ ಮನೆಯ ಎರಡನೆಯ ಬೆಕ್ಕು. ಈ ಸಲ ಹಾವಿನ ಮೇಲೆ ಹಾಕುವಂತಿರಲಿಲ್ಲ.

ಡಾಕ್ಟರು ಕಣ್ಣು ಚೆನ್ನಾಗಿದೆ ಎಂದರು. ಮತ್ತೆ ಏನು ಕೇಳಿದೆನೋ, ಅವರು ಏನು ಹೇಳಿದರೋ ನೆನಪಿಲ್ಲ. ಊಟ ಮಾಡದೆ ಒಂದು ಗಂಟೆಯ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಯಜಮಾನರು ನನ್ನ ಮುಂಗೈ ಹಿಡಿದುಕೊಂಡೇ ಇದ್ದರು. ಅದು ಒಳ್ಳೆಯದೇ ಆಯಿತು.

ನಾಲ್ಕು ಗಂಟೆಗೆ ಊರು. ಅವರನ್ನು ಜಗಲಿಯ ಮೇಲೆ ಕೂರಿಸಿ ಮೊದಲು ಕಾಳಕ್ಕನ ಹಿತ್ತಲಿಗೆ ಓಡಿದೆ. ಏಣಿ ಗೋಡೆಗೆ ಒರಗಿಯೇ ಇತ್ತು. ಅದರ ಬುಡದಲ್ಲಿ ಯಾರೂ ಬಿದ್ದಿರಲಿಲ್ಲ. ಹಿಂಬಾಗಿಲಲ್ಲಿ ಇಣುಕಿದೆ, ಮನೆಯೊಳಗೂ ಯಾರೂ ಇರಲಿಲ್ಲ. ವಾಪಸು ಬಂದು ಮುಂಬಾಗಿಲು ತೆಗೆದೆ. ಒಳಕೋಣೆಯ ಬೀಗದ ಕೈ ಸರಿಯಾಗಿ ಕೂರಲು ಮೂರು ಸಲ ತಿರುಗಿಸಬೇಕಾಯಿತು.

ಕೋಣೆ ಕತ್ತಲಾಗಿತ್ತು. ಗವಾಕ್ಷಿಯ ಗಾಜು ತೆಗೆದು ಅರ್ಧಕ್ಕೆ ಗೋಣಿತಾಟು ಎಳೆದಿದ್ದರು. ಉಳಿದರ್ಧದಿಂದ ಒಂದು ಹಗ್ಗ ಇಳಿದಿತ್ತು. ಅದರ ತುದಿಗೆ ಕಟ್ಟಿದ್ದ ಹಳೆಯ ಸೀರೆಯ ಒದ್ದೆ ತುಂಡು ಬೋನಿನ ಮೇಲೆ ಮಲಗಿತ್ತು. ನಾನು ಮಂಡಿಯೂರಿ ಬಟ್ಟೆಯ ಅಂಚು ಎತ್ತಿದೆ.

ಒಳಗೆ ಹೆಗ್ಗಣ. ಸರಳಿನ ಮಧ್ಯೆ ಇಳಿಬಿದ್ದ ಬಟ್ಟೆಯ ತುದಿಯನ್ನು ಮುಂಗಾಲಲ್ಲಿ ಹಿಡಿದು ನೆಕ್ಕುತ್ತಿತ್ತು.

"ಬಂದ್ರಾ ಟೀಚರಮ್ಮ?" ಮೇಲಿನಿಂದ ಕಾಳಕ್ಕನ ದನಿ. "ಬದುಕೈತಾ ನಿಮ್ಮ ನೆಂಟ?"

"ಕೆಂಚಿ?"

"ಎಲ್ಲೋ ಸುತ್ತಾಡ್ಕಂಡು ಹನ್ನೊಂದಕ್ಕೇ ಬಂತು ಕಳ್ಳಿ. ಇಲ್ಲೇ ನನ್ನ ಪಕ್ಕ ಮಲಗೈತೆ."

ಇಳಿಯಲು ಮಂಡಿ ಬಗ್ಗಲಿಲ್ಲ, ಅದಕ್ಕೇ ಮೇಲೇ ಕುಳಿತೆ, ಫೋನು ಕೆಳಗೆ ಗೋಡೆಯ ಗೂಡಿನಲ್ಲಿ ಉಳಿಯಿತು ಎಂದು ಆಮೇಲೆ ಹೇಳಿದಳು. ಇರಬಹುದು. ಆದರೆ ನನ್ನ ಕೈಯಲ್ಲಿದ್ದ ಬಟ್ಟೆ ಇನ್ನೂ ತೊಟ್ಟಿಕ್ಕುತ್ತಿತ್ತು. ಹನ್ನೊಂದಕ್ಕೆ ಬೆಕ್ಕು ಸಿಕ್ಕ ಮೇಲೂ ಯಾರೋ ಅದನ್ನು ಮತ್ತೆ ಮತ್ತೆ ಮೇಲಕ್ಕೆ ಎಳೆದು, ನೀರಿಗೆ ಅದ್ದಿ, ಒಂದು ಹೆಗ್ಗಣಕ್ಕಾಗಿ ಕೆಳಗಿಳಿಸಿದ್ದರು.

ಏಣಿ ಹಿಡಿದು ಅವಳನ್ನು ಒಂದೊಂದೇ ಮೆಟ್ಟಿಲು ಇಳಿಸಿದೆ. ಬಿಸಿಲು ತಗ್ಗಿದ ಮೇಲೆ ಇಬ್ಬರೂ ಬೋನಿನ ಒಂದೊಂದು ಬದಿ ಹಿಡಿದು ಹಳ್ಳದ ಆಚೆ ಹೋದೆವು. ಅವಳು ಕುಂಟುತ್ತಿದ್ದಳು. ಬೇಲಿಯ ಹತ್ತಿರ ಬೋನು ಇಳಿಸಿದಾಗ, ಇನ್ನು ತಡೆಯಲಾಗಲಿಲ್ಲ.

"ಕಾಳಕ್ಕ, ಬೂದಿಗೆ ಹಾವು ಕಚ್ಚಿರ್ಲಿಲ್ಲ. ಆವಾಗ ನಾನು ಕೋಣೇಲಿ ಪಾಷಾಣ ಇಟ್ಟಿದ್ದೆ."

ಅವಳು ಬಗ್ಗಿ ಬೋನಿನ ಬಾಗಿಲು ಎತ್ತುತ್ತಿದ್ದಳು. ಎತ್ತಿ, ಕೊಕ್ಕೆಗೆ ಸಿಕ್ಕಿಸಿದಳು. ಹೆಗ್ಗಣ ಹಿಂದಿನ ಮೂಲೆಗೆ ಒತ್ತಿಕೊಂಡು ಕುಳಿತೇ ಇತ್ತು.

"ನಾವು ಇಲ್ಲಿದ್ರೆ ಅದು ಬರಾಕಿಲ್ಲ," ಎಂದಳು, ನನ್ನ ಮುಖ ನೋಡದೆ. "ಆಚೆ ಸರಿಯಾಣ ಬರ್ರಿ."

ದೂರ ಹೋಗಿ ನಿಂತೆವು. ಬಹಳ ಹೊತ್ತಾದ ಮೇಲೆ ಹೆಗ್ಗಣ ಮೂಗು ಹೊರಗಿಟ್ಟಿತು, ಮತ್ತೆ ಒಳಗೆಳೆದುಕೊಂಡಿತು, ಆಮೇಲೆ ಬೇಲಿಯೊಳಗೆ ನುಸುಳಿತು. ಖಾಲಿ ಬೋನನ್ನು ನಾನೊಬ್ಬಳೇ ಹೊತ್ತುಕೊಂಡೆ. ಅವಳು ಮುಂದೆ ಮುಂದೆ ನಡೆದಳು.

ನಮ್ಮ ಬಾಗಿಲಲ್ಲಿ ಅವಳನ್ನು ನಿಲ್ಲಲು ಹೇಳಿ ಒಳಗಿನಿಂದ ಇನ್ನೊಂದು ಜೊತೆ ಬೀಗದ ಕೈ ತಂದೆ. ಎರಡೂ ಬಾಗಿಲಿನವು. ಅವಳ ಮುಂದೆ ಹಿಡಿದೆ. ತಗೊಳ್ಳುತ್ತಾಳೋ ಇಲ್ಲವೋ ಗೊತ್ತಿರಲಿಲ್ಲ. ಅವಳು ಅವನ್ನೇ ನೋಡುತ್ತಾ ನಿಂತಳು.

"ಬೂದಿ ಹೊಟ್ಟೇಲಿ ಮರಿ ಇದ್ವು ಟೀಚರಮ್ಮ."

ನಾನು ಚಾಚಿದ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಜಗಲಿಯ ಮೇಲೆ ಕೆಂಚಿ ಯಜಮಾನರ ಕಾಲಿಗೆ ಮೈ ಉಜ್ಜುತ್ತಿತ್ತು. ಕಾಳಕ್ಕ ಅದರ ಕಡೆ ಒಮ್ಮೆ ನೋಡಿದಳು. ಆಮೇಲೆ ಬೀಗದ ಕೈಗಳನ್ನು ತಗೊಂಡು ಸೆರಗಿನ ತುದಿಗೆ ಇಟ್ಟು ಎರಡು ಗಂಟು ಹಾಕಿದಳು.

"ಇನ್ನು ಬೋನು ಇಡೋ ದಿನ ನನಗೂ ಒಂದು ಮಾತು ಹೇಳ್ರಿ," ಎಂದು ಹೇಳಿ, ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದಳು.