ದೊಡ್ಡಮ್ಮ ಸರೋವರ, ಚಿಕ್ಕಮ್ಮ ಸರೋವರ

ಬೆಳಗ್ಗೆ ಹತ್ತೂವರೆಗೆ ನಿರ್ದೇಶಕಿ ಒಂದು ಪುಸ್ತಕವನ್ನು ಎರಡು ಮಾಡಿದರು.

ಮಾತಿನಲ್ಲಷ್ಟೇ, ಇನ್ನೂ ಅಚ್ಚಾಗಿರಲಿಲ್ಲ. "ನಿಮ್ಮ ಅರ್ಧ ಚೆನ್ನಾಗಿದೆ, ಅವರ ಅರ್ಧಾನೂ ಚೆನ್ನಾಗಿದೆ. ಆದ್ರೆ ಎರಡೂ ಮುಖ ಕೊಟ್ಟು ಮಾತಾಡ್ತಿಲ್ಲ," ಎಂದರು. "ಸಂಜೆ ಒಳಗೆ ಕೂಡಿಸೋಕಾದ್ರೆ ಕೂಡ್ಸಿ. ಇಲ್ಲಾಂದ್ರೆ ಎರಡು ಪುಸ್ತಕ, ಎರಡು ಹೆಸರು. ನಾಳೆ ಮುದ್ರಣಕ್ಕೆ ಹೋಗ್ಲೇಬೇಕು."

ಒಂದರ್ಧ ಹೆಂಡತಿಯದು, ಇನ್ನೊಂದರ್ಧ ಗಂಡನದು. ಸಂಶೋಧನಾ ಕೇಂದ್ರದ ಎರಡನೆಯ ಮಹಡಿಯಲ್ಲಿ, ಒಂದೇ ಕಿಟಕಿಯ ಎರಡು ಪಕ್ಕದಲ್ಲಿ ಅವರ ಮೇಜುಗಳು. ನಾನಾ ದೇಶಗಳ ಅಧ್ಯಯನಗಳನ್ನು ಓದಿ, ಜರಡಿ ಹಿಡಿದು, ಗಟ್ಟಿ ಕಾಳನ್ನಷ್ಟೇ ಉಳಿಸಿಕೊಳ್ಳುವುದು ಇಬ್ಬರ ಕೆಲಸ. ನೀರು, ಕಾಡು, ಮೀನು ಎಲ್ಲೆಲ್ಲಿ ಮೊಮ್ಮಕ್ಕಳ ಕಾಲಕ್ಕೂ ಉಳಿದಿವೆ ಎಂದು ಅವನು ಹುಡುಕುತ್ತಿದ್ದ. ಅವುಗಳಿಗಾಗಿ ಎದ್ದ ಜಗಳ ಎಲ್ಲೆಲ್ಲಿ ಕೈಕೈ ಮಿಲಾಯಿಸದೆ ಮುಗಿದಿದೆ ಎಂದು ಅವಳು. ಎರಡೂ ಒಂದೇ ಬೇರಿನವು ಎಂಬುದು ಅವರ ನಂಬಿಕೆ, ಆರು ವರ್ಷದ ದುಡಿಮೆ ನಿಂತದ್ದು ಅದರ ಮೇಲೆ. ಆದರೆ ನಂಬಿಕೆ ಬೇರೆ, ಪುರಾವೆ ಬೇರೆ. ಅವನ ಊರುಗಳಲ್ಲಿ ಜಗಳದ ಲೆಕ್ಕ ಯಾರೂ ಇಟ್ಟಿರಲಿಲ್ಲ, ಅವಳ ಊರುಗಳಲ್ಲಿ ಮೀನಿನ ಲೆಕ್ಕ.

ಕಚೇರಿಯ ಕಿರಿಯರು ಅವಳನ್ನು ಅಹಿಂಸಕ್ಕ ಎನ್ನುತ್ತಿದ್ದರು. ಅಕ್ಕನ ಗಂಡ ಭಾವನಾಗಲೇಬೇಕಲ್ಲ. ಒಂದೇ ಅಂಗಿಯನ್ನು ಕಾಲರ್ ತಿರುಗಿಸಿ ಹೊಲಿಸಿಕೊಂಡು ವರ್ಷಗಟ್ಟಲೆ ತೊಡುವ ಅವನು ಬಾಳಿಕೆ ಭಾವನಾದ. ಅಹಿಂಸಕ್ಕ ಬಾಗಿಲು ಹಾಕಿದರೆ ಗೋಡೆ ಗಡಿಯಾರ ನಡುಗುತ್ತದೆ ಎಂಬುದು ಅಲ್ಲಿನ ಹಳೆಯ ತಮಾಷೆ. ನಿರ್ದೇಶಕಿಯ ಕೋಣೆಯಿಂದ ಬಂದವಳು ಆ ದಿನವೂ ಗಡಿಯಾರವನ್ನು ನಡುಗಿಸಿದಳು.

"ನಿಧಾನ ಕಣೇ," ಎಂದ ಬಾಳಿಕೆ ಭಾವ. "ನಿನ್ನ ವಿಷಯ ಅಹಿಂಸೆ."

"ಬಾಗಿಲಿಗೆ ನೋವಾಗಲ್ಲ ರೀ. ನಂಗಾಗಿದೆ."

"ಎರಡಾದ್ರೆ ಆಗ್ಲಿ ಬಿಡು. ಕಪಾಟಿನಲ್ಲಿ ಪಕ್ಕಪಕ್ಕ ಇಡೋಣ."

"ಪಕ್ಕಪಕ್ಕ ಇಟ್ಟ ಮಾತ್ರಕ್ಕೆ ಕೂಡಿದ ಹಾಗಾ? ಹಾಗಾದ್ರೆ ಚಪ್ಪಲಿ ಸ್ಟ್ಯಾಂಡೂ ಒಂದು ಸಂಸಾರಾನೇ."

ಮಧ್ಯಾಹ್ನದವರೆಗೆ ಇಬ್ಬರೂ ತಮ್ಮ ತಮ್ಮ ಉದಾಹರಣೆಗಳನ್ನು ಮತ್ತೆ ತಿರುವಿ ಹಾಕಿದರು. ಕೊನೆಗೆ ಜಗಳ ಬಂದು ನಿಂತದ್ದು ಎಂದಿನಂತೆ ಎರಡು ಸರೋವರಗಳ ಮೇಲೆ: ಪೀಠಿಕೆಯಲ್ಲಿ ಯಾವುದು ಮೊದಲು? ಅವನದು ದೊಡ್ಡಮ್ಮ ಸರೋವರ. ಅಲ್ಲಿ ಎರಡು ತಲೆಮಾರಿನಿಂದ ಮೀನು ಕಡಿಮೆಯಾಗಿಲ್ಲ. ಅವಳದು ಚಿಕ್ಕಮ್ಮ ಸರೋವರ. ಅಲ್ಲಿ ಬಲೆಗಾಗಿ ದೊಣ್ಣೆ ಹಿಡಿದು ನಿಂತಿದ್ದ ಎರಡು ದಡದವರು ಸರದಿಯ ಮೇಲೆ ಮೀನು ಹಿಡಿಯಲು ಒಪ್ಪಿಕೊಂಡಿದ್ದರು. ಎರಡೂ ಒಂದೇ ನಾಡಿನವು. ಆ ಜನರ ಭಾಷೆಯಲ್ಲೂ ತಾಯಿಯ ಅಕ್ಕನಿಗೊಂದು ಮಾತು, ತಂಗಿಗೊಂದು ಮಾತು. ಅನುವಾದಕರು ಹಾಗೆಯೇ ತಂದಿದ್ದರು. ಒಂದು ದೊಡ್ಡ ಸರೋವರ, ಪಕ್ಕದಲ್ಲೊಂದು ಚಿಕ್ಕದು ಇರಬೇಕೆಂದು ಇಬ್ಬರೂ ಎಂದೋ ತೀರ್ಮಾನಿಸಿ ಮುಂದೆ ಹೋಗಿದ್ದರು.

ಆಗ ಫೋನು ಬಂತು. ಕೈಯಲ್ಲಿ ಕಾಗದಗಳಿದ್ದುದರಿಂದ ಅವಳು ಸ್ಪೀಕರ್ ಹಾಕಿದಳು. ಅವಳು ಮೂವರು ಅಕ್ಕತಂಗಿಯರಲ್ಲಿ ನಡುವಿನವಳು. ಅಕ್ಕನ ಮಗ, ತಂಗಿಯ ಮಗಳು ಒಂದೇ ಫೋನಿಗೆ ಜೋತುಬಿದ್ದಿದ್ದರು.

"ಚಿಕ್ಕಮ್ಮಾ, ನಾಳೆ ಊಟಕ್ಕೆ ನಿಮ್ಮಿಬ್ಬರನ್ನ ನಾನೇ ಕರ್ಕೊಂಡು ಬರ್ತೀನಿ. ಇವಳಿಗೆ ಹೇಳು."

"ದೊಡ್ಡಮ್ಮಾ, ಇವನ ಗಾಡಿ ಹತ್ಬೇಡ! ಸೊಂಟ ಇಲ್ಲೇ ಬಿಟ್ಟು ಹೋಗ್ಬೇಕಾಗುತ್ತೆ!"

"ಚಿಕ್ಕಮ್ಮ, ಅವಳಿಗೆ ಲೈಸೆನ್ಸೇ ಬಂದಿಲ್ಲ!"

"ದೊಡ್ಡಮ್ಮ, ಬಂದಿದೆ!"

ಅಹಿಂಸಕ್ಕ ಗಂಡನ ಮುಖ ನೋಡಿದಳು. ಅವನೂ ಪೆನ್ನು ಕೆಳಗಿಟ್ಟಿದ್ದ.

"ರೀ. ನಾನು ಎಷ್ಟು ಜನ?"

"ಒಬ್ಬಳೇ," ಎಂದ ಅವನು. "ಮನೇಲಿ ನಾಲ್ಕು ಜನರಷ್ಟು ಸದ್ದಿದ್ರೂ ಒಬ್ಬಳೇ."

"ಆ ಸರೋವರ?"

ಮಕ್ಕಳ ಫೋನು ಹಾಗೆಯೇ ಕಿರುಚುತ್ತಿತ್ತು. ಆಮೇಲೆ ಮಾಡುತ್ತೇನೆಂದು ಹೇಳಿ ಇಟ್ಟಳು. ಬಾಳಿಕೆ ಭಾವ ಆಗಲೇ ಎದ್ದು ನಿಂತಿದ್ದ, ನಿರ್ದೇಶಕಿಗೆ ಹೇಳಿಬರಲು. ಅವಳು ಅಂಗಿಯ ಚುಂಗು ಹಿಡಿದು ಕೂರಿಸಿದಳು. ಕಾಕತಾಳೀಯಕ್ಕೆ ಅವಳು ಎಂದೂ ಪುಟ ಕೊಟ್ಟವಳಲ್ಲ.

ಎರಡೂ ಅಧ್ಯಯನಗಳ ಫೋಟೊಗಳನ್ನು ಪಕ್ಕಪಕ್ಕ ಇಟ್ಟರು. ಅವಳದರಲ್ಲಿ ಸೂರ್ಯ ನೀರಿನಿಂದ ಏಳುತ್ತಿದ್ದ, ಅವನದರಲ್ಲಿ ನೀರಿಗೆ ಇಳಿಯುತ್ತಿದ್ದ. ಎರಡರಲ್ಲೂ ನಡುನೀರಿನಲ್ಲಿ ಬಾಗಿ ಕೂತ ಮುದುಕಿಯಂಥ ಬಂಡೆ. ಒಂದರಲ್ಲಿ ಮುದುಕಿ ಎಡಕ್ಕೆ ಬಾಗಿದ್ದಳು, ಇನ್ನೊಂದರಲ್ಲಿ ಬಲಕ್ಕೆ. ಉಪಗ್ರಹ ಚಿತ್ರದಲ್ಲಿ ಆ ಸುತ್ತಿನಲ್ಲಿ ಸರೋವರ ಒಂದೇ ಇತ್ತು, ಬಂಡೆಯೂ ಒಂದೇ. ಅದಕ್ಕೂ ತೃಪ್ತಿಯಾಗದೆ, ದೊಡ್ಡಮ್ಮನ ದಡದಲ್ಲಿ ವರ್ಷಗಟ್ಟಲೆ ಇದ್ದು ಅಧ್ಯಯನ ಮಾಡಿದ ಹಿರಿಯ ಸಂಶೋಧಕಿಗೆ ಅವಳು ಫೋನು ಮಾಡಿದಳು.

"ಎದುರು ದಡದವರು ಸರೋವರಕ್ಕೆ ಏನಂತಾರೆ?"

ಆಕೆ ನಕ್ಕರು. "ಅವರು ಹಿರಿಯಕ್ಕನ ಮಕ್ಕಳು ಅನ್ನೋದು ಕಥೆ. ಇವರು ಕಿರಿ ತಂಗಿಯ ಮಕ್ಕಳು. ನೀರು ನಡುವಿನವಳು. ಅವರಿಗೆ ಚಿಕ್ಕಮ್ಮ, ಇವರಿಗೆ ದೊಡ್ಡಮ್ಮ." ಆಮೇಲೆ ಕೇಳಿದರು, "ದೋಣಿ ಸುಟ್ಟ ವಿಷಯ ಬರೆದಿದ್ದೀರಿ ತಾನೇ?"

ಬರೆದಿರಲಿಲ್ಲ. ಆಕೆಯೇ ಬಿಡಿಸಿ ಹೇಳಿದರು. ಸುಟ್ಟವರು ಚಿಕ್ಕಮ್ಮನ ದಡದವರು. ತಮ್ಮ ಬಳಿ ಬಂದ ಸಂಶೋಧಕರಿಗೆ ಅದನ್ನು ಹೇಳಿರಲಿಲ್ಲ. ದೋಣಿಯಲ್ಲಿ ಮಲಗಿದ್ದವನೊಬ್ಬನ ಕೈ ಬೆಂದಿತ್ತು. ದೊಡ್ಡಮ್ಮನ ದಡದವರು ತಿರುಗಿ ಸುಡಲಿಲ್ಲ. ಇಡೀ ದಡ ಬಲೆಯನ್ನು ಮಡಿಸಿಟ್ಟು ನೀರಿನ ಅಂಚಿನಲ್ಲಿ ಸುಮ್ಮನೆ ಕೂತಿತು. ಕೆಲವು ವಾರಗಳಾದ ಮೇಲೆ ಹೊಸ ದೋಣಿಗೆ ಮರ ಹೊತ್ತು ತಂದವರು ಸುಟ್ಟವರೇ. ಸರದಿ ಶುರುವಾದದ್ದು ಆಮೇಲೆ. ಮೀನು ಉಳಿದದ್ದು ಆ ಸರದಿಯಿಂದ.

ಆರು ವರ್ಷ ಹುಡುಕಿದ್ದ ಬೆಸುಗೆ ಸಿಕ್ಕಿತ್ತು. ಆದರೆ ಅವಳ ಅಧ್ಯಾಯದ ಮೊದಲ ವಾಕ್ಯ ಸುಳ್ಳಾಗಿತ್ತು: 'ಇಲ್ಲಿ ಒಂದು ಕೈಯೂ ಏಳಲಿಲ್ಲ.' ಅವಳಿಗೆ ಅತ್ಯಂತ ಪ್ರಿಯವಾದ ವಾಕ್ಯ ಅದು. ಬಾಳಿಕೆ ಭಾವನಿಗೆ ಗೊತ್ತಿತ್ತು.

"ದೋಣಿ ವಿಷ್ಯ ಅಡಿಟಿಪ್ಪಣಿಗೆ ಹಾಕೋಣ," ಎಂದ ಮೆಲ್ಲಗೆ. "ನಿನ್ನ ವಾಕ್ಯ ಸ್ವಲ್ಪ ತಿದ್ದಿದ್ರೆ ಸಾಕು. ಯಾರೂ ಕೇಳಲ್ಲ."

"ಬೆಂದ ಕೈ ಸಣ್ಣ ಅಕ್ಷರದಲ್ಲಿ ಬರೆದ್ರೆ ವಾಸಿಯಾಗುತ್ತಾ?"

"ನಿಂಗೆ ನೋವಾಗುತ್ತೆ ಅಂತ ಹೇಳ್ದೆ."

"ಗೊತ್ತು ರೀ. ಅದಕ್ಕೇ ಬಯ್ತಿಲ್ಲ. ಆಚೆ ಸರೀರಿ, ಬೆಳಕಿಗೆ ಅಡ್ಡ ಇದ್ದೀರಿ."

ಅವನು ಕುರ್ಚಿ ಸರಿಸಿದ. ಅವಳು ಆ ವಾಕ್ಯವನ್ನು ಅಳಿಸಿದಳು. ಆ ಖಾಲಿ ಸಾಲಿನಲ್ಲಿ ಬರೆದಳು: 'ಒಂದು ದೋಣಿ ಉರಿಯಿತು. ಎರಡನೆಯದು ಉರಿಯಲಿಲ್ಲ.' ಅದರ ಕೆಳಗೆ ಅವನ ಮೀನಿನ ಲೆಕ್ಕವನ್ನು ತಂದು ಕೂಡಿಸಿದಳು. ಅವನು ಹಿಂದೆ ನಿಂತು ಅಂಕಿಗಳನ್ನು ಓದಿ ಹೇಳಿದ, ಅವಳು ಬೆರಳಚ್ಚಿಸಿದಳು. ನಡುವೆ ಎರಡು ಸಲ ಜಗಳವಾಯಿತು, ಎರಡೂ ಅಲ್ಪವಿರಾಮದ ಬಗ್ಗೆ.

ಸಂಜೆ ನಿರ್ದೇಶಕಿ ನಿಂತುಕೊಂಡೇ ಓದಲು ಶುರುಮಾಡಿದವರು ಕೂತು ಮುಗಿಸಿದರು.

"ಒಟ್ಟು ಉದಾಹರಣೆ ಒಂದು ಕಡಿಮೆ ಆಯ್ತಲ್ಲ?"

"ಹೌದು ಮೇಡಂ," ಎಂದಳು ಅಹಿಂಸಕ್ಕ. "ಒಂದನ್ನೇ ಎರಡು ಸಲ ಎಣಿಸಿದ್ವಿ. ಅದನ್ನೂ ಪೀಠಿಕೆಯಲ್ಲಿ ಹೇಳಿದ್ದೀವಿ."

"ಯಾರ ತಪ್ಪು?"

"ಇವರದು," ಎಂದಳು ಅವಳು.

"ಇವಳದು," ಎಂದ ಅವನು.

ನಿರ್ದೇಶಕಿ ಹಾಳೆಗಳನ್ನು ಒಂದೇ ಕಟ್ಟಾಗಿ ಜೋಡಿಸಿ ಕ್ಲಿಪ್ ಹಾಕಿದರು.

ಹೊರಗೆ ಬರುವಾಗ ಅಹಿಂಸಕ್ಕ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡಳು. ಕಿರಿಯರಲ್ಲೊಬ್ಬ ತಲೆ ಎತ್ತಿ, "ಅಕ್ಕ, ಹುಷಾರಾಗಿದ್ದೀರಾ?" ಎಂದು ಕೇಳಿದ.

ಮರುದಿನ ಪುಸ್ತಕ ಒಂದೇ ಆಗಿ ಮುದ್ರಣಕ್ಕೆ ಹೋಯಿತು. ಊಟಕ್ಕೆ ಅವರಿಬ್ಬರೂ ಬಸ್ಸಿನಲ್ಲಿ ಹೋದರು.